ಎಡಗೈಗೆ ಕೂತ ಉಕ್ಕಿನ ಕೈಗವಸು

ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ನಾನು ಹನ್ನೊಂದು ವರ್ಷ ಹಿಂದಿನ ಜೇಬು ಹೊಲಿದೆ. ಬರೀ ಹಿಂದಿನ ಜೇಬು. ಕಾಲು ಹೊಲಿಯುವವನು ಒಬ್ಬ, ಸೊಂಟಪಟ್ಟಿಗೆ ಇನ್ನೊಬ್ಬ, ಜಿಪ್ಪಿಗೆ ಮತ್ತೊಬ್ಬ. ಇದು ಗೊತ್ತಾದ ದಿನ ಮಡಕಶಿರದ ನಮ್ಮತ್ತೆ ಕಡಲೆಕಾಯಿ ಸುಲಿಯುವುದನ್ನೇ ನಿಲ್ಲಿಸಿದರು.

"ಹಂಗಾರೆ ಅಳಿಯಂದ್ರೆ, ಇಷ್ಟ್ ವರ್ಸದಾಗೆ ಒಂದೇ ಒಂದು ಪ್ಯಾಂಟೂ ನೀವು ಪೂರಾ ಹೊಲ್ದಿಲ್ವಾ?"

ಅವರು ಹಂಗಿಸಲಿಲ್ಲ, ನಿಜವಾಗಿಯೂ ಕೇಳಿದರು. ಅದಕ್ಕೇ ಮಾತು ನನಗೆ ನಾಟಿದ್ದು. ಏನಾದರೊಂದನ್ನು ಮೊದಲಿನಿಂದ ಕೊನೆಯವರೆಗೆ ನಾನೊಬ್ಬನೇ ಮಾಡಿ ಈ ಹೆಂಗಸಿನ ಬಾಯಲ್ಲಿ ಭೇಷ್ ಅನ್ನಿಸಬೇಕು ಎಂದು ಹಟ ತೊಟ್ಟೆ.

ತಲೆ ನೆಟ್ಟಗಿದ್ದವನು ಒಂದು ಪ್ಯಾಂಟು ಹೊಲಿಯುತ್ತಿದ್ದ. ನಾನಾದರೋ ಆ ವಾರ ಹೆಂಡತಿಯ ಜೊತೆ, ಯಾವುದೋ ಗ್ರಹದಲ್ಲಿ ನಡೆಯುವ, ತೆಲುಗಿಗೆ ಡಬ್ ಆದ ಸಿನಿಮಾ ನೋಡಿದ್ದೆ. ಅದರ ಹೀರೋ ಬಲಗೈಗೆ ಉಕ್ಕಿನ ಕೈಗವಸು ಹಾಕುತ್ತಾನೆ. ಅಂಗೈಯಲ್ಲಿ ನೀಲಿ ದೀಪ ಹತ್ತುತ್ತದೆ, ಬೆರಳುಗಳು ಗುರ್ರೆಂದು ತಾವೇ ಮಡಚಿಕೊಂಡು ಬಂಡೆ ಎತ್ತುತ್ತವೆ. ಅದನ್ನೇ ಮಾಡಲು ಕೂತೆ.

ಸಿ.ಡಿ. ತಂದು, ನಿಲ್ಲಿಸಿ ನಿಲ್ಲಿಸಿ ನೋಡಿ, ಬೆರಳಿನ ತಗಡುಗಳನ್ನು ಎಣಿಸಿದೆ. ಒಳಗೆ ಜೀನ್ಸ್ ಬಟ್ಟೆ, ಮೇಲೆ ಎಣ್ಣೆ ಡಬ್ಬದ ತಗಡು, ಕೀಲುಗಳಿಗೆ ಪ್ಯಾಂಟಿನ ರಿವೆಟ್ಟು, ಅಂಗೈಗೆ ನೀಲಿ ದೀಪ. ಬಟನ್ನು ಒತ್ತಿದರೆ ಆಟಿಕೆ ಲಾರಿಯ ಮೋಟಾರು ನೈಲಾನ್ ದಾರ ಎಳೆದು ಬೆರಳು ಮಡಚಿಕೊಳ್ಳುತ್ತಿತ್ತು. ಬಿಟ್ಟರೆ ಎಲಾಸ್ಟಿಕ್ಕು ಬಿಡಿಸುತ್ತಿತ್ತು. ಮೂರು ತಿಂಗಳ ಭಾನುವಾರಗಳೆಲ್ಲ ಅದಕ್ಕೇ ಹೋದವು. ಎಲ್ಲ ಮುಗಿದ ಮೇಲೆ ಗತ್ತಿನಿಂದ ಕೈ ತೂರಿಸಿದೆ. ನನ್ನ ಹೆಬ್ಬೆರಳಿಗೆ ಸಿಕ್ಕಿದ್ದು ಕಿರುಬೆರಳಿನ ಗೂಡು.

ಬಟ್ಟೆಯ ಒಳಮೈ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುವುದು ದರ್ಜಿಗಳ ರೂಢಿ. ನಾನು ಒಳಮೈ ಮೇಲೆ ಬಲಗೈ ಊರಿ ಸುತ್ತ ಗೀಟೆಳೆದಿದ್ದೆ. ಬಟ್ಟೆ ತಿರುವಿದಾಗ ಅದು ಎಡಗೈ ಆಗಿತ್ತು. ಜೇಬಿಗೆ ಎಡ ಬಲ ಇಲ್ಲವಲ್ಲ, ಹನ್ನೊಂದು ವರ್ಷದಲ್ಲಿ ನನಗಿದು ಹೊಳೆಯುವ ಪ್ರಸಂಗವೇ ಬಂದಿರಲಿಲ್ಲ. ಮಧ್ಯೆ ಹಾಕಿ ನೋಡಬಾರದಿತ್ತೇ ಎಂದರೆ, ಯೂನಿಟ್ಟಿನಲ್ಲಿ ಹೊಲಿದವನು ಹಾಕಿ ನೋಡುವುದಿಲ್ಲ, ಅದು ಚೆಕಿಂಗ್‌ನವರ ಕೆಲಸ. ಹೊಲಿಗೆಗೆ ಅಂಚು ಬಿಡುವುದನ್ನೂ ಮರೆತಿದ್ದರಿಂದ ಎಡಗೈಗೂ ಬಿಗಿಯಾಗಿತ್ತು.

"ಹೀರೋದು ಎಡಗೈನಾಗೇ ಇತ್ತು, ನೆನಪೈತಲ್ಲ?" ಎಂದೆ ಹೆಂಡತಿಗೆ.

ಅವಳು ಗವಸನ್ನು ತಿರುಗಿಸಿ ನೋಡಿ ಕೆಳಗಿಟ್ಟಳು. ಅವಳು ಎಡಚಿ. ಚಿಕ್ಕಂದಿನಲ್ಲಿ ಎಡಗೈ ಮುಂದೆ ಬಂದಾಗಲೆಲ್ಲ ನಮ್ಮತ್ತೆಯ ಸೌಟು ಅದರ ಮೇಲೆ ಬಿದ್ದು, ಊಟ ಮಾಡುವುದು, ಕೊಡುವುದು ಬಲಗೈಗೆ ಬಂದಿತ್ತು. ಕೆಲಸ ಮಾತ್ರ ಎಡಗೈಯಲ್ಲೇ ಉಳಿದಿತ್ತು. ನಮ್ಮ ಯೂನಿಟ್ಟಿನಲ್ಲೇ ಹೊಲಿಗೆಯ ಕೊನೆಗೆ ಉಳಿದ ದಾರ ಕತ್ತರಿಸುತ್ತಿದ್ದಳು.

ಹಬ್ಬಕ್ಕೆ ಮಡಕಶಿರಕ್ಕೆ ಹೋದೆವು. ಪಡಸಾಲೆಯಲ್ಲಿ ಬೀಗರೆಲ್ಲ ಕೂತಿದ್ದರು. ಕೈಗವಸು ತೊಟ್ಟು, ದೀಪ ಹತ್ತಿಸಿ, ಬಾಳೆಹಣ್ಣು ಹಿಡಿದು ಅತ್ತೆಯ ಮುಂದೆ ಚಾಚಿದೆ. ಅವರು ಕೈ ಹಿಂದಕ್ಕೆಳೆದುಕೊಂಡರು.

"ಅಯ್ಯೋ, ಹಬ್ಬದ ದಿನ ಎಡಗೈಯಾಗೆ ಕೊಡ್ತೀರಲ್ಲ ಅಳಿಯಂದ್ರೆ!"

ಗಾಬರಿಯಲ್ಲಿ ಬಟನ್ನು ಇನ್ನೂ ಒತ್ತಿದೆ. ಬಾಳೆಹಣ್ಣು ಕಿವುಚಿಹೋಗಿ ಅವರ ಹೊಸ ಸೀರೆಯ ಮೇಲೆ ಬಿತ್ತು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ನನ್ನವಳು ಎದ್ದು ಬಂದು ನನ್ನ ಕೈಯಿಂದ ಗವಸು ಕಳಚಿ, ಒರೆಸಿ, ತಾನು ತೊಟ್ಟಳು. ಅಳತೆ ಕೊಟ್ಟು ಮಾಡಿಸಿದಷ್ಟು ಸರಿಯಾಗಿ ಕೂತಿತು. ಮೊರದಿಂದ ಒಂದೇ ಒಂದು ಕಡಲೆಕಾಯಿಯನ್ನು ಸಿಪ್ಪೆ ಬಿರುಕು ಬಿಡದಂತೆ ಎತ್ತಿ, ಆ ಎಡಗೈಯನ್ನೇ ತಾಯಿಯ ಮುಂದೆ ಹಿಡಿದಳು. ಹಿಂದಕ್ಕೆ ತೆಗೆಯಲಿಲ್ಲ. ಅತ್ತೆ ಮಗಳ ಮುಖ ನೋಡಿದರು, ಆಮೇಲೆ ಕೈ ಒಡ್ಡಿದರು.

"ಇವಳ ಎಡಗೈಗೇ ಅಂತ ಮಾಡಿದ್ರಾ?" ಎಂದು ನನ್ನ ಕಡೆ ತಿರುಗಿದರು.

"ಹೂಂ ಅತ್ತೆ," ಎಂದೆ, ನಾಚಿಕೆ ಇಲ್ಲದೆ.

"ಭೇಷ್," ಎಂದರು.

ವಾಪಸ್ ಬರುವ ಬಸ್ಸಿನಲ್ಲಿ ಹೆಂಡತಿ ಗವಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಹೀರೋದು ಬಲಗೈ ಕಣ್ರೀ. ನಾನೂ ನೋಡಿದೀನಲ್ಲ," ಎಂದಳು. ಆಮೇಲೆ ಗವಸಿನ ಬೆರಳುಗಳನ್ನು ನೇರ ಮಾಡುತ್ತಾ, "ಹೋಗ್ಲಿ ಬಿಡಿ. ನನ್ ಕೈಗೆ ಸರಿಯಾಗಿ ಕೂತಿದ್ದು ಇದೊಂದೇ. ಯೂನಿಟ್ಟಾಗಿನ ಕತ್ರಿನೂ ಬಲಗೈಯೋರ್ದೇ."

ಅವಳ ಎಡಗೈ ಹಿಡಿದು ನೋಡಿದೆ. ಹೆಬ್ಬೆರಳ ಬುಡದಲ್ಲಿ ಕತ್ತರಿ ಒತ್ತಿ ಒತ್ತಿ ಕಟ್ಟಿದ ಜಡ್ಡು, ಕಡಲೆಬೀಜದಷ್ಟು ದಪ್ಪ. ಆರು ವರ್ಷ ನನ್ನಿಂದ ನಾಲ್ಕು ಮಿಷಿನ್ ಆಚೆ ಕೂತು ಅವಳು ಆ ಕತ್ತರಿ ಆಡಿಸಿದ್ದಳು. ಸಿನಿಮಾದವನ ಕೈಯ ತಗಡುಗಳನ್ನು ನಾನು ಒಂದೊಂದಾಗಿ ಎಣಿಸಿದ್ದೆ.