ಮೊದಲನೇ ಪಿರಿಯಡ್ಡಿನ ಗುರಿ

“ಇದೂ ಒಂದು ಗುರಿಯೇನಮ್ಮ? ದೊಡ್ಡ ಕನಸು ಕಾಣು” ಎಂದು ಅತಿಥಿಯಾಗಿ ಬಂದಿದ್ದ ಸಾರಿಗೆ ಇಲಾಖೆಯ ಅಧಿಕಾರಿ ನಕ್ಕರು. ತಾಳವಾಡಿ ಬೆಟ್ಟದಲ್ಲಿ ನಾನು ಓದಿದ್ದ ಶಾಲೆಯಲ್ಲಿ, ಜೂನ್‌ನಲ್ಲಿ ಮಕ್ಕಳಿಂದ ವರ್ಷದ ಗುರಿ ಬರೆಸುವ ಸಮಾರಂಭವದು; ನಾನೂ ಹೋಗಿದ್ದೆ. ಕಾಡಂಚಿನ ಹಾಡಿಯ ಹುಡುಗಿಯೊಬ್ಬಳು ಚೀಟಿಯಲ್ಲಿ ಬರೆದದ್ದು ಇಷ್ಟೇ: ‘ಈ ವರ್ಷ ದಿನಾ ಮೊದಲನೇ ಪಿರಿಯಡ್ಡಿಗೆ ಬರಬೇಕು.’

“ನಮ್ಮೂರ್ಗೆ ಮೊದಲ್ನೆ ಬಸ್ಸೇ ಅತ್ತು ಗಂಟೆಗೆ ಸಾರ್. ಆನೆ ದಾರೀಲಿ ನಡ್ಕೊಂಡ್ ಬರಕ್ಕೆ ಅವ್ವ ಬುಡಲ್ಲ. ಜೀಪಿದ್ದೂ ನೀವೇ ಅನ್ನೊಂದಕ್ಕೆ ಬಂದ್ರಲ್ಲ” ಎಂದಳು.

ಒಂಬತ್ತಕ್ಕೆ ಬರಬೇಕಿದ್ದ ಮಹನೀಯರು ಸಮಯಪಾಲನೆಯ ಕುರಿತು ಭಾಷಣ ಬಿಗಿದು, ಅವಳದೊಂದನ್ನು ಬಿಟ್ಟು ಉಳಿದ ಚೀಟಿಗಳೊಂದಿಗೆ ಫೋಟೊ ತೆಗೆಸಿಕೊಂಡು ಹೊರಟರು.

ಆ ಚೀಟಿಯ ನಕಲನ್ನು ಅವರ ಕಚೇರಿಗೇ ಕಳುಹಿಸಿ, ಬೆಳಗಿನ ಬಸ್ಸು ಎಂದು ಬರುತ್ತದೆಂದು ಲಿಖಿತ ಉತ್ತರ ಕೇಳಿದ್ದೇನೆ. ಅವರಿಗೂ ಈ ವರ್ಷಕ್ಕೊಂದು ಗುರಿ ಬೇಕಲ್ಲ.