ರ್‍ಯಾಮಿಗೆ ಇಟ್ಟ ಕುಂಕುಮ

ಕಂಪ್ಯೂಟರ್ ಆನ್ ಮಾಡಿದಾಗ ಪರದೆ ಕಪ್ಪಗೇ ಉಳಿದು, ಡಬ್ಬದ ಒಳಗಿಂದ ಕೂಂ... ಕೂಂ... ಅಂತ ಉದ್ದಕ್ಕೆ ಕೂಗು ಬಂದರೆ ಅದು ಮೆಮೊರಿಯ ತೊಂದರೆ. ಈಗ ಇದನ್ನು ಯಾರು ಬೇಕಾದರೂ ಹೇಳುತ್ತಾರೆ. ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿರದಿದ್ದದ್ದು ದೊಡ್ಡ ವಿಷಯವಲ್ಲ ಬಿಡಿ. ಆಗ ನಾನು ಕಂಪ್ಯೂಟರ್ ಟೀಚರ್ ಆಗಿದ್ದೆ, ಅದು ವಿಷಯ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಮದುವೆಯಾಗಿ ವಡೋದರಾಕ್ಕೆ ಬಂದಿದ್ದೆ. ಯಜಮಾನರಿಗೆ ಮಕರ್‌ಪುರಾದ ಪಂಪ್ ಕಾರ್ಖಾನೆಯಲ್ಲಿ ಕೆಲಸ, ಮನೆ ಮಂಜಲ್‌ಪುರದ ಒಂದು ಹೌಸಿಂಗ್ ಸೊಸೈಟಿಯಲ್ಲಿ. ನಾನು ತುಮಕೂರಿನಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿದ್ದೆ. ಆ ಆರು ತಿಂಗಳನ್ನು ಇಲ್ಲಿ ಎಂಜಿನಿಯರಿಂಗ್ ಮಟ್ಟಕ್ಕೆ ಏರಿಸಿಕೊಂಡು, ಬಾಗಿಲಿಗೆ ಬೋರ್ಡ್ ಹಾಕಿ, ಮಧ್ಯಾಹ್ನದ ಕ್ಲಾಸ್ ಶುರು ಮಾಡಿದೆ. ಅಡುಗೆಮನೆ ಕೆಲಸ ಮುಗಿಸಿಕೊಂಡು ಸೊಸೈಟಿಯ ನಾಲ್ವರು ಹೆಂಗಸರು ಬರುತ್ತಿದ್ದರು. ಅವರಿಗೆ ನಾನು 'ಟೀಚರ್'. ಆ ಪದ ಕೇಳಿದರೆ ಸಾಕು, ನನ್ನ ಕುತ್ತಿಗೆ ಒಂದಿಂಚು ಉದ್ದವಾಗುತ್ತಿತ್ತು.

ಟೈಪಿಂಗ್, ಪತ್ರ ಬರೆಯುವುದು, ಲೆಕ್ಕದ ಹಾಳೆ, ಇಷ್ಟು ಚೆನ್ನಾಗಿಯೇ ಕಲಿಸುತ್ತಿದ್ದೆ. ಆದರೆ ಇಷ್ಟಕ್ಕೇ ನಿಂತರೆ ಟೀಚರ್ ಅನ್ನಿಸಿಕೊಂಡಂತೆ ಆಗುವುದಿಲ್ಲವಲ್ಲ! ಕರಿಹಲಗೆಯ ಮೇಲೆ ಬೀರು, ಮೇಜು ಬರೆದು, "ಹಾರ್ಡ್ ಡಿಸ್ಕ್ ಅಂದರೆ ಬೀರು, ರ್‍ಯಾಮ್ ಅಂದರೆ ಕೆಲಸ ಮಾಡುವ ಮೇಜು" ಅಂತ ನನ್ನ ಹರಕುಮುರುಕು ಹಿಂದಿಯಲ್ಲಿ ಭಾಷಣ ಬಿಗಿಯುತ್ತಿದ್ದೆ. ರ್‍ಯಾಮ್ ನೋಡಲು ಹೇಗಿರುತ್ತದೆ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ನನಗೇ ಗೊತ್ತಿರಲಿಲ್ಲ.

ನಾಲ್ವರಲ್ಲಿ ಒಬ್ಬಳು ಬಹಳ ಚುರುಕು. ಎದುರು ಬ್ಲಾಕಿನ ಸೊಸೆ. ಅವಳ ಗಂಡನ ಚಿಕ್ಕಪ್ಪ ಊರಿನ ಇನ್ನೊಂದು ತುದಿಯ ಗೋರ್ವಾದಲ್ಲಿ ಲಾರಿ ಬುಕಿಂಗ್ ಆಫೀಸ್ ತೆರೆದಿದ್ದರು, ಕಂಪ್ಯೂಟರ್ ಬರುವವರು ಬೇಕಾಗಿತ್ತು. ಅವಳಿಗೆ ಹೋಗುವ ಆಸೆ. ಅತ್ತೆಯದೇ ಅಡ್ಡಿ. ಎಲ್ಲರೂ 'ಬಾ', ಅಂದರೆ ಗುಜರಾತಿಯಲ್ಲಿ ಅಮ್ಮ, ಅಂತ ಕರೆಯುತ್ತಿದ್ದ ಆ ಅತ್ತೆ ಕೊನೆಗೆ, "ಕ್ಲಾಸನ್ನು ನಾನೇ ಬಂದು ನೋಡ್ತೀನಿ, ಆಮೇಲೆ ಹೇಳ್ತೀನಿ" ಅಂದಿದ್ದರಂತೆ. ದಸರಾ ಮುಗಿದ ಮರುದಿನ ಬರುವುದು ಅಂತ ಗೊತ್ತಾಯಿತು.

ಆಯುಧಪೂಜೆಯ ದಿನ ನಾನು ಕಂಪ್ಯೂಟರಿಗೆ ಜೋರಾಗಿಯೇ ಪೂಜೆ ಮಾಡಿದೆ. ನಮ್ಮಪ್ಪನದು ಹಿಟ್ಟಿನ ಗಿರಣಿ. ಅಪ್ಪ ಮೆಷಿನ್ನಿನ ಹೊರಗೆ ಕುಂಕುಮ ಇಟ್ಟು ಕೈತೊಳೆದುಕೊಳ್ಳುವವರಲ್ಲ. ಕೆಲಸ ಮಾಡುವ ಭಾಗಕ್ಕೆ, ಅಂದರೆ ಒಳಗಿನ ಕಲ್ಲಿಗೇ ಇಡಬೇಕು ಅನ್ನುತ್ತಿದ್ದರು. ನಾನೂ ಹಿಂದಿನ ಸ್ಕ್ರೂ ಬಿಚ್ಚಿ ಪಕ್ಕದ ಮುಚ್ಚಳ ತೆಗೆದೆ. ಒಳಗೆ ಹಸಿರು ತಗಡುಗಳ ಸಂತೆ. ಅದರಲ್ಲಿ ಒಂದು ಪಟ್ಟಿ ಮಾತ್ರ ನೆಟ್ಟಗೆ, ಗಂಭೀರವಾಗಿ ನಿಂತಿತ್ತು. ಇದೇ ಮುಖ್ಯವಾದದ್ದಿರಬೇಕು ಅನ್ನಿಸಿತು. ಅರಿಶಿನ ಕುಂಕುಮವನ್ನು ನೀರಲ್ಲಿ ಕಲೆಸಿ ಅದಕ್ಕೇ ಹಚ್ಚಿ, ಅಕ್ಷತೆ ಹಾಕಿ, ಕೈಮುಗಿದು ಮುಚ್ಚಳ ಮುಚ್ಚಿದೆ. ಪೂಜೆ ಮಾಡಿದ ಆಯುಧವನ್ನು ವಿಜಯದಶಮಿ ಕಳೆಯುವ ತನಕ ಮುಟ್ಟುವ ಹಾಗಿಲ್ಲ. ಮುಟ್ಟಲಿಲ್ಲ.

ವಿಜಯದಶಮಿಯ ಮರುದಿನ ಬಾ ಬಂದರು. ಒಬ್ಬರು ಹಿಂದಿನ ದಿನ ದಸರಾಕ್ಕೆ ಕೊಂಡು ಉಳಿದಿದ್ದ ಫಾಫಡಾ ಅನ್ನುವ ಕಡಲೆಹಿಟ್ಟಿನ ಕುರುಕಲು, ಜಿಲೇಬಿ ತಂದಿದ್ದರು, ಎಲ್ಲರೂ ತಿಂದೆವು. ಬಾ ಮಂಚದ ಮೇಲೆ ಕಾಲು ಮಡಚಿ ಕೂತು, "ಹಾಂ, ಚಾಲೂ ಕರೋ" ಅಂದರು. ನಾನು ಚಾಲೂ ಮಾಡಿದೆ. ಕೂಂ... ಕೂಂ...

ಆಫ್ ಮಾಡಿ ಆನ್ ಮಾಡಿದೆ. ಕೂಂ... "ವೋಲ್ಟೇಜ್ ಕಮ್ಮಿ" ಅಂದೆ. ತಲೆಯ ಮೇಲೆ ಫ್ಯಾನ್ ಗಿರಗಿರ ತಿರುಗುತ್ತಿತ್ತು. ಬಾ ಫ್ಯಾನ್ ನೋಡಿದರು, ನನ್ನನ್ನು ನೋಡಿದರು. ಸೊಸೆ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳತೊಡಗಿದಳು.

ಸೂರತ್ತಿನಲ್ಲಿ ಯಜಮಾನರ ಗೆಳೆಯರೊಬ್ಬರಿದ್ದರು, ಬಾಗಲಕೋಟೆ ಕಡೆಯವರು. ಅಲ್ಲಿನ ಸೀರೆ ಅಂಗಡಿಗಳಿಗೆಲ್ಲ ಕಂಪ್ಯೂಟರ್ ನೋಡಿಕೊಡುತ್ತಿದ್ದರು. ಹಾಲಿಗೆ ಓಡಿ ಅವರಿಗೆ ಫೋನ್ ಹಚ್ಚಿದೆ.

"ಏನ್ರೀ ವೈನಿ, ಭಾಳ ಅಪರೂಪ?"

"ಅಣ್ಣಾ, ಕಂಪ್ಯೂಟರ್ ಕೂಗ್ತಾ ಇದೆ."

"ಕೂಗ್ಲಿ ಬಿಡ್ರಿ. ನಿಮ್ಮ ಕ್ಲಾಸಿನಾಗ ಅದಕ್ಕೊಂದಕ್ಕ ಮಾತಾಡಾಕ ಅವಕಾಶ ಇರಲಿಲ್ಲ."

"ತಮಾಷೆ ಬೇಡ ಅಣ್ಣಾ, ಮನೆ ತುಂಬ ಜನ ಇದಾರೆ."

"ಉದ್ದಕ ಕೂಗ್ತದೋ, ಗಿಡ್ಡಕ ಕೂಗ್ತದೋ?"

"ಉದ್ದಕ್ಕೇ. ಪರದೇಲಿ ಏನೂ ಬರ್ತಿಲ್ಲ."

"ಹಂಗಾರ ರ್‍ಯಾಮಿಂದೇ ಕಿರಿಕಿರಿ. ಮೊದ್ಲ ಕರೆಂಟಿನ ವೈರ್ ಕೀಳ್ರಿ. ಅದಿರ್ಲಿ, ಒಳಗೇನರ ಕೈ ಹಾಕೀರೇನು?"

"ಇಲ್ಲಪ್ಪ! ನಾನ್ಯಾಕೆ ಹಾಕ್ಲಿ?"

ಕನ್ನಡ ಅಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅದೇ ಧೈರ್ಯ.

ಫೋನಿನ ವೈರ್ ರೂಮಿನವರೆಗೆ ಎಟುಕುತ್ತಿರಲಿಲ್ಲ. ಹಾಗಾಗಿ ಅಣ್ಣ ಹೇಳಿದ್ದನ್ನು ನಾನು ಹಿಂದಿಯಲ್ಲಿ ಕೂಗುವುದು, ಬಾಗಿಲಲ್ಲಿ ನಿಂತ ಒಬ್ಬರು ಅದನ್ನು ಗುಜರಾತಿಯಲ್ಲಿ ಒಳಗೆ ದಾಟಿಸುವುದು, ಒಳಗೆ ಆ ಸೊಸೆ ಮಾಡುವುದು, ಹೀಗೆ ಏರ್ಪಾಡಾಯಿತು. ನಾನೇ ಹೋಗಿ ಮಾಡಬಹುದಿತ್ತು, ಫೋನನ್ನು ಇನ್ನೊಬ್ಬರ ಕೈಗೆ ಕೊಟ್ಟು. ಆದರೆ ಅಣ್ಣನ ಹಿಂದಿ ಸುಮಾರಾಗಿ ಚೆನ್ನಾಗಿತ್ತು. 'ಒಳಗೆ ಕೈ ಹಾಕಿದ್ದಿರಾ' ಅಂತ ಅವರು ಹಿಂದಿಯಲ್ಲಿ ಕೇಳಿಬಿಟ್ಟರೆ?

"ಬೆರಳಿನಷ್ಟು ಅಗಲದ ಹಸರ ಪಟ್ಟಿ ಇರ್ತದ ನೋಡ್ರಿ, ನೆಟ್ಟಗ ನಿಂತಿರ್ತದ. ಎರಡೂ ತುದೀಗೆ ಬಿಳೀ ಕ್ಲಿಪ್. ಅದ ರ್‍ಯಾಮ್."

ನಾನು ಕುಂಕುಮ ಹಚ್ಚಿದ್ದು ಅದಕ್ಕೇ. ಆದರೂ ಕೂಗಿ ಹೇಳಿದೆ. ಇನ್ನೇನು ಮಾಡಲಿ? ರೂಮಿನಲ್ಲಿ ಮುಚ್ಚಳ ಬಿಚ್ಚುವ ಸದ್ದು.

"ಆ ಶು ಛೇ?" ಇದೇನಿದು ಅಂತ ಸೊಸೆಯ ದನಿ.

"ಅರೆ, ಆ ತೋ ಕಂಕು ಛೇ!" ಕುಂಕುಮ ಅಂತ ಇನ್ನೊಬ್ಬರು.

"ಚೋಖಾ ಪಣ ಛೇ!" ಅಕ್ಕಿಯೂ ಇದೆ ಅಂತ ಮತ್ತೊಬ್ಬರು.

ಆಮೇಲೆ ಎದ್ದ ನಗು ಇದೆಯಲ್ಲ, ಸೊಸೈಟಿಯ ಗೇಟಿಗೆ ಕೇಳಿಸಿರಬೇಕು.

"ಯಾಕ ನಗಾಕತ್ತಾರ ಅಲ್ಲೆ?" ಅಂತ ಅಣ್ಣ ಫೋನಿನಲ್ಲಿ.

"ಏನಿಲ್ಲ, ಸ್ವಲ್ಪ ಧೂಳು ಇದೆಯಂತೆ."

"ಹೇಳಿದ್ನಿಲ್ಲ! ಕ್ಲಿಪ್ ಬಿಡಿಸಿ ಪಟ್ಟಿ ಮ್ಯಾಲೆತ್ತಿ, ಕೆಳಗಿನ ಬಂಗಾರದ ಬಣ್ಣದ ಹಲ್ಲು ಒರಸ್ರಿ. ಪೆನ್ಸಿಲ್ ಅಳಸೋ ರಬ್ಬರ್ ಸಾಕು. ಕಾಯಿ ತುರದಂಗ ತಿಕ್ಕಬ್ಯಾಡ್ರಿ ಮತ್ತ. ಕುಂಡ್ರಸೋ ಜಾಗಾನೂ ಒಣ ಬ್ರಷ್‌ಲೇ ಝಾಡಿಸ್ರಿ."

ಅಷ್ಟು ಕೇಳಿಕೊಂಡು, ಅದನ್ನೂ ಹಿಂದಿಯಲ್ಲಿ ಕೂಗಿ ಹೇಳಿ ಫೋನ್ ಇಟ್ಟೆ. ರೂಮಿಗೆ ಹೋಗಲೇಬೇಕಾಯಿತು. ಬಾ ಮಂಚದಿಂದ ಇಳಿದು, ಕನ್ನಡಕ ಸರಿಮಾಡಿಕೊಂಡು ಡಬ್ಬದೊಳಗೆ ಇಣುಕುತ್ತಿದ್ದರು.

"ಬೇಟಾ, ಇದು ನೀನೇ ಹಚ್ಚಿದ್ದಾ?"

"ಹೌದು ಬಾ. ನಮ್ಮಲ್ಲಿ ಪೂಜೆ..."

"ನಾವೂ ದಶೇರಾಕ್ಕೆ ಸ್ಕೂಟರ್‌ಗೆ ಹಚ್ತೀವಿ. ಹೆಡ್‌ಲೈಟ್ ಮೇಲೆ ಹಚ್ತೀವಿ. ಪೆಟ್ರೋಲ್ ಟಾಂಕಿ ಒಳಗೆ ಹಾಕಲ್ಲ."

ಮತ್ತೆ ನಗು. ನಾನೂ ನಕ್ಕೆ. ಅಲ್ಲಿಗೆ ಮುಗಿದಿದ್ದರೆ ಅದೊಂದು ತಮಾಷೆಯ ಪ್ರಸಂಗವಾಗಿ ಉಳಿಯುತ್ತಿತ್ತು. ಆದರೆ ಸೊಸೆ ಆ ಪಟ್ಟಿಯನ್ನು ಅಂಗೈಯಲ್ಲಿ ಇಟ್ಟುಕೊಂಡು, ಸ್ವಲ್ಪವೂ ವ್ಯಂಗ್ಯವಿಲ್ಲದೆ ಕೇಳಿದಳು: "ಟೀಚರ್, ಇದೇನಾ ರ್‍ಯಾಮ್? ನೀವು ಮೇಜಿನ ಚಿತ್ರ ಬರೆದಿದ್ರಲ್ಲ, ನಾನು ದೊಡ್ಡದಿರುತ್ತೆ ಅಂದುಕೊಂಡಿದ್ದೆ."

"ಹಾಂ, ಇದೇ" ಅಂದೆ, ವರ್ಷಗಳಿಂದ ಬಳಕೆ ಇರುವವಳ ಹಾಗೆ.

ಬಾ ತಲೆ ಎತ್ತಿದರು. "ಇದೇ ಅಂತ ಗೊತ್ತಿದ್ದೂ ಹಚ್ಚಿದೆಯಾ?"

ನಗು ನಿಂತುಹೋಯಿತು. ಹೌದು ಅಂದರೆ ದಡ್ಡಿ, ಇಲ್ಲ ಅಂದರೆ ಮೋಸಗಾತಿ. ರಬ್ಬರ್ ಹುಡುಕುವ ನೆಪದಲ್ಲಿ ಮೇಜಿನ ಡ್ರಾಯರಿನೊಳಗೆ ಮುಖ ಇಟ್ಟೆ. ರಬ್ಬರ್ ಮೇಲೆಯೇ ಇತ್ತು, ಕೈಗೆ ಸಿಕ್ಕಿತ್ತು. ಆದರೂ ಹುಡುಕುತ್ತಲೇ ಇದ್ದೆ.

ಸೊಸೆಯೇ ಬಂದು ನನ್ನ ಕೈಯಿಂದ ರಬ್ಬರ್ ತೆಗೆದುಕೊಂಡಳು. ಮೆಲ್ಲಗೆ ಒರೆಸಿದಳು. ಬ್ರಷ್‌ನಿಂದ ಅಕ್ಕಿಕಾಳು, ಒಣಗಿದ ಕುಂಕುಮ ಎಲ್ಲ ಝಾಡಿಸಿದಳು. ಪಟ್ಟಿಯನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ, ಕಚ್ಚು ಎಲ್ಲಿ ಕೂರುತ್ತದೆ ಅಂತ ತಾನೇ ಕಂಡುಕೊಂಡು ಒತ್ತಿದಳು. ಕಟ್ ಅಂತ ಕ್ಲಿಪ್ ಹಿಡಿಯಿತು. ವೈರ್ ಹಾಕಿ ಆನ್ ಮಾಡಿದರೆ ಒಂದೇ ಒಂದು ಗಿಡ್ಡ ಕೂಗು, ಪರದೆಯ ಮೇಲೆ ಬಿಳಿ ಅಕ್ಷರಗಳು.

ಬಾ ಅಕ್ಷರಗಳನ್ನು ನೋಡಲಿಲ್ಲ, ಸೊಸೆಯ ಕೈಯನ್ನು ನೋಡಿದರು. "ಇವಳು ಸೋಮವಾರದಿಂದ ಗೋರ್ವಾಕ್ಕೆ ಹೋಗಲಿ" ಅಂದರು. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ಮನೆಯ ಮಗಳಿಗೆ ಹೇಳುವ ಹಾಗೆ, "ನೀನು ಬೇರೆ ಎಲ್ಲಾದರೂ ಕಲಿತುಕೋ ಬೇಟಾ" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಉಳಿದವರು ಕ್ಲಾಸಿಗೆ ಬರುತ್ತಲೇ ಇದ್ದರು, ಅದು ಅವರ ದೊಡ್ಡತನ. ನಾನು ಮಾತ್ರ ಎದುರು ಬ್ಲಾಕಿನ ಕಡೆಯಿಂದ ತರಕಾರಿಗೆ ಹೋಗುವುದನ್ನು ಬಿಟ್ಟೆ. ಹಿಂದಿನ ಗೇಟಿನಿಂದ ಸುತ್ತಿ ಹೋಗುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಆ ಹಿಂದಿನ ಗೇಟಿನಲ್ಲೇ ಆ ಸೊಸೆ ಸಿಕ್ಕಳು, ಆಫೀಸಿನಿಂದ ಬರುತ್ತಿದ್ದಳು. ಜೊತೆಗೆ ಗಂಡನ ಚಿಕ್ಕಪ್ಪ, ಅಂದರೆ ಆಫೀಸಿನ ಯಜಮಾನರು.

"ಕಾಕಾ, ಇವರೇ ನಮ್ಮ ಟೀಚರ್! ನನಗೆ ಕಂಪ್ಯೂಟರ್ ಕಲಿಸಿದವರು!" ಅಂತ ನನ್ನ ಕೈ ಹಿಡಿದುಕೊಂಡುಬಿಟ್ಟಳು. ಅಣಕ ಇದೆಯೇನೋ ಅಂತ ಅವಳ ಮುಖ ನೋಡಿದೆ. ಇರಲಿಲ್ಲ.

ಅವರು ಎರಡೂ ಕೈ ಜೋಡಿಸಿದರು. "ಬಹಳ ಒಳ್ಳೆದಾಯ್ತು ಬೇನ್. ಆಫೀಸಲ್ಲಿ ಇನ್ನೊಂದು ಕಂಪ್ಯೂಟರ್ ಚಾಲೂನೇ ಆಗ್ತಿಲ್ಲ. ಇವಳು ಬಿಚ್ಚಿ ನೋಡ್ತೀನಿ ಅಂತಾಳೆ, ನಾನೇ ಬೇಡ ಅಂದೆ. ನೀವು ಒಂದ್ಸಲ ಬಂದು ನೋಡ್ತೀರಾ?"

"ಅವಳೇ ನೋಡಲಿ, ಅವಳಿಗೆ ಗೊತ್ತಿದೆ" ಅನ್ನಬೇಕಿತ್ತು. ಅಷ್ಟು ಸಣ್ಣ ಮಾತು. ಅದೂ ಬಾಯಿಗೆ ಬರಲಿಲ್ಲ.

"ಗ್ಯಾಸ್ ಮೇಲೆ ಹಾಲಿಟ್ಟು ಬಂದಿದೀನಿ" ಅಂದೆ, ಖಾಲಿ ತರಕಾರಿ ಚೀಲ ಹಿಡಿದುಕೊಂಡೇ ಮನೆಯ ಕಡೆ ಓಡಿದೆ.