ಬಂದೈತೋ, ಬಂದಿತ್ತೋ?

ಬೂಕನಕೆರೆ ಪಕ್ಕದ ಹಳ್ಳಿಯ ಮಹಿಳಾ ಡೈರಿ. ಬೆಳಗಿನ ಐದೂಮುಕ್ಕಾಲು. ಬೈರಮ್ಮ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು, ಕಣ್ಣು ಕಿರಿದು ಮಾಡಿ ಗೆರೆ ನೋಡುತ್ತಾರೆ. ತುಟಿ ಮಾತ್ರ ಬೇರೇನನ್ನೋ ಗೊಣಗುತ್ತಿದೆ: “ಆವ್, ಆಸ್, ಆಡ್.” ಇಂಗ್ಲಿಷಿನ ಹ್ಯಾವ್, ಹ್ಯಾಸ್, ಹ್ಯಾಡ್ ಅವರ ಬಾಯಲ್ಲಿ ಹೀಗೆ.

“ಏನ್ ಬೈರಕ್ಕ, ಹಸ ಮಾರ್ಬುಟ್ಟು ಆಡ್ ಕಟ್ಕಂಡಿದ್ದೀಯಾ?” ಸಾಲಿನಲ್ಲಿ ನಿಂತ ಸೋಮಮ್ಮ ಕೆಣಕುತ್ತಾರೆ.

“ಇಂಗ್ಲೀಸ್ ಆಡು ಕಣವ್ವ. ಒದೀತದೆ, ಆಲು ಕೊಡಕಿಲ್ಲ.”

ನಲವತ್ಮೂರರ ಬೈರಮ್ಮ ಒಂಬತ್ತು ವರ್ಷದಿಂದ ಈ ಸಂಘದ ಹಂಗಾಮಿ ಕಾರ್ಯದರ್ಶಿ. ದಿನಕ್ಕೆರಡು ಹೊತ್ತು, ಎಪ್ಪತ್ತೆರಡು ಮನೆಯ ಹಾಲು, ಆರು ಕ್ಯಾನು. ಇವರು ಕಳಿಸಿದ ಹಾಲು ಒಡೆದು ವಾಪಸ್ಸು ಬಂದದ್ದಿಲ್ಲ. ಆದರೆ ಕಾರ್ಯದರ್ಶಿಗೆ ಎಸ್ಸೆಸ್ಸೆಲ್ಸಿ ಆಗಿರಲೇಬೇಕೆಂದು ಸಂಘ ಎರಡು ವರ್ಷದ ಹಿಂದೆ ಠರಾವು ಮಾಡಿದೆ. ಏಳನೇ ಕ್ಲಾಸಿಗೆ ಬಿಟ್ಟ ಓದನ್ನು ಮತ್ತೆ ಹಿಡಿದು ಐದು ವಿಷಯ ದಾಟಿದ್ದಾರೆ. ಇಂಗ್ಲಿಷ್ ಮಾತ್ರ ಎರಡು ಸಲ ಕೈಕೊಟ್ಟಿದೆ: ಮೊದಲು ಇಪ್ಪತ್ತೆಂಟು, ಆಮೇಲೆ ಮೂವತ್ಮೂರು. ಈ ಏಪ್ರಿಲ್ಲಿಗೂ ಆಗದಿದ್ದರೆ ಕುರ್ಚಿ ಬೇರೆಯವರದು.

ನಿವೃತ್ತ ಮೇಷ್ಟ್ರು ಮುದ್ದಯ್ಯನವರು ಮಧ್ಯಾಹ್ನ ಡೈರಿ ಜಗುಲಿಯಲ್ಲೇ ಪಾಠ ಹೇಳುತ್ತಾರೆ. ಹಾಲಿನ ವ್ಯಾನಿನಿಂದಲೇ ಶುರು. ವ್ಯಾನು ‘ಬಂದೈತೆ’ ಎಂದರೆ ಇನ್ನೂ ನಿಂತಿದೆ, ಓಡಬೇಕು. ‘ಬಂದಿತ್ತು’ ಎಂದರೆ ಹೋಯಿತು, ಹಾಲು ಮನೆಗೆ ವಾಪಸ್ಸು. ಮೊದಲನೆಯದಕ್ಕೆ ಹ್ಯಾಸ್, ಎರಡನೆಯದಕ್ಕೆ ಹ್ಯಾಡ್. ಇಷ್ಟೇ ತಾನೆ ಎಂದು ಬೈರಮ್ಮ ‘ನಿನ್ನೆ ವ್ಯಾನು ಬಂದಿತ್ತು’ ಎಂಬುದನ್ನು ಹ್ಯಾಡ್ ಹಾಕಿ ಬರೆದುಕೊಟ್ಟರೆ ಮೇಷ್ಟ್ರು ಅಡ್ಡಗೆರೆ ಎಳೆಯುತ್ತಾರೆ.

“ಹ್ಯಾಡು ಒಂಟಿಯಾಗಿ ನಿಲ್ಲಕಿಲ್ಲ ಕಣವ್ವ. ನೀನು ಬರೋ ಒತ್ಗೆ ವ್ಯಾನು ಒಂಟೋಗಿತ್ತು ಅನ್ನು. ಎರಡು ಕೆಲ್ಸ ಇರ್ಬೇಕು. ಮುಂಚೆ ಆಗಿದ್ದಕ್ಕೆ ಹ್ಯಾಡು.”

“ಜೊತೆ ಇಲ್ದಿದ್ರೆ ಅರಚ್ಕತದೆ. ಆಡೇ ಬುಡಿ ಅದು.”

ಸರಿ, ಹಾಗಾದರೆ ‘ನಿನ್ನೆ ಬಂದೈತೆ’ ಎಂದು ಹ್ಯಾಸ್ ಹಾಕುತ್ತಾರೆ. ಅದಕ್ಕೂ ಅಡ್ಡಗೆರೆ. ನಿನ್ನೆ ಎಂದ ಮೇಲೆ ಹ್ಯಾಸ್ ಕೂಡದಂತೆ.

“ನಮ್ ಬಾವ ನೆನ್ನೆ ಬಂದವ್ರೆ, ಈಗ್ಲೂ ಅಟ್ಟೀಲಿ ಕೂತವ್ರೆ. ಅವ್ರನ್ನ ಎಲ್ಗ್ ಸೇರಿಸ್ಲಿ ಮೇಷ್ಟ್ರೇ?”

ಮುದ್ದಯ್ಯನವರು ಕನ್ನಡಕ ತೆಗೆದು ಒರೆಸುತ್ತಾರೆ, ಮತ್ತೆ ಹಾಕಿಕೊಳ್ಳುತ್ತಾರೆ. “ನಿಮ್ ಬಾವನ್ನ ಪರೀಕ್ಷೇಲಿ ಕೇಳಕಿಲ್ಲ ಬುಡವ್ವ.”

ಬೈರಮ್ಮ ನಗುತ್ತಾರೆ, ಆದರೆ ತಲೆಯೊಳಗಿನ ಗಂಟು ಬಿಚ್ಚಿಲ್ಲ. ಎಮ್ಮೆ ಹಾಲಿಗೂ ಹಸುವಿನ ಹಾಲಿಗೂ ಬೆರಳದ್ದಿಯೇ ವ್ಯತ್ಯಾಸ ಹೇಳುವವರಿಗೆ ಈ ಎರಡರ ವ್ಯತ್ಯಾಸ ಒಂದು ದಿನ ಸಿಕ್ಕರೆ ಮರುದಿನ ಜಾರುತ್ತದೆ. ಸೋಮವಾರ ಕೆ.ಆರ್. ಪೇಟೆಯಲ್ಲಿ ಪರೀಕ್ಷೆ.

ನೋಟುಬುಕ್ಕಿನಲ್ಲಿ ಮೇಷ್ಟ್ರು ಸರಿ ಹಾಕಿದ ವಾಕ್ಯ ಒಂದಿದೆ: ‘ಐ ಹ್ಯಾವ್ ವರ್ಕ್ಡ್ ಹಿಯರ್ ಫಾರ್ ನೈನ್ ಇಯರ್ಸ್.’ ಒಂಬತ್ತು ವರ್ಷದಿಂದ ಇಲ್ಲೇ ದುಡಿಯುತ್ತಾ ಬಂದಿದ್ದೇನೆ. ಅದರ ಮೇಲೆ ಬೈರಮ್ಮ ಬೆರಳಿಡುತ್ತಾರೆ.

“ಇದ್ಯಾಕ್ ಸರೀಂತ ನಂಗಿನ್ನೂ ಪೂರ್ತಿ ತಿಳ್ದಿಲ್ಲ. ಆವ್ ತಗ್ದುಬುಟ್ರೆ, ಮಾಡ್ದೆ, ಬುಟ್ಟೋದೆ ಅಂತ ಆಯ್ತದಂತೆ. ನಂಗೆ ಇನ್ನೇನೂ ಬ್ಯಾಡ. ಆ ಆವ್ ಒಂದು ಅಲ್ಲೇ ಇರ್ಲಿ.”